ಬಿಸಿಲಿನ ದಿನದ ಖರಖರ

"ಏನೋ ಲೈನಮನ್, ಇವತ್ತೂ ಬಂದು ಚಾ ಕುಡದು ಹೋಗಾಂವೇನು?"

ಕಲ್ಲಣ್ಣ ಇನ್ನೂ ಹೊಸ್ತಿಲು ದಾಟಿರಲಿಲ್ಲ. ಒಂದು ಚಪ್ಪಲಿ ಬಿಟ್ಟಿದ್ದ, ಇನ್ನೊಂದು ಕಾಲಲ್ಲೇ ಇತ್ತು. ಪಡಸಾಲೆಯ ಗಾದಿಯ ಮೇಲೆ ಕೂತಿದ್ದ ಶಾಂತಪ್ಪ ಸಾವಕಾರ ಫೋನಿನ ರಿಸೀವರನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ತೋರಿಸುತ್ತಿದ್ದ.

"ಚಾ ನಾ ಯಾವತ್ತೂ ಬೇಡಿಲ್ರಿ, ಸಾವಕಾರ್ರ."

"ಬೇಡಿಲ್ಲ, ಖರೆ. ಕೊಟ್ಟದ್ದನ್ನ ಬಿಟ್ಟೂ ಇಲ್ಲ."

ಮೂಲೆಯಲ್ಲಿದ್ದ ಇಬ್ಬರು ಗುಮಾಸ್ತರು ಕಿಸಕ್ಕೆಂದರು. ಕಲ್ಲಣ್ಣನ ಕಿವಿ ಬಿಸಿಯಾಯಿತು. ಈ ಮನೆಯಲ್ಲಿ ಅವನು ಚಹಾ ಕುಡಿದದ್ದು ಒಂದೇ ಸಲ, ಅದೂ ಎರಡು ವರ್ಷದ ಹಿಂದೆ. ಅದನ್ನು ಹೇಳಬೇಕೆಂದು ಬಾಯಿ ತೆರೆದ. ಹೇಳಿದರೆ ಚಹಾದ ಲೆಕ್ಕ ಇಟ್ಟವನು ಎಂದು ಇನ್ನೊಮ್ಮೆ ನಗುತ್ತಾರೆ ಅನ್ನಿಸಿ ಮುಚ್ಚಿಕೊಂಡ.

ಶಾಂತಪ್ಪನದು ಸೊಲ್ಲಾಪುರದಲ್ಲಿ ತೊಗರಿ, ಶೇಂಗಾದ ವ್ಯಾಪಾರ. ಮನೆಯ ಪಡಸಾಲೆಯೇ ಅವನ ಅಂಗಡಿ. ತಮ್ಮ ಸಾತಲಿಂಗಪ್ಪ ಅಕ್ಕಲಕೋಟೆಯ ಬಾಜಾರದಲ್ಲಿ ಕೂತು ಅಲ್ಲಿಗೆ ಬಂದ ಮಾಲು ನೋಡುತ್ತಿದ್ದ. ದಿನಾ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಟ್ರಂಕ್ ಕಾಲ್ ಹಾಕಿಸಿ ಇಬ್ಬರೂ ಮಾತಾಡಬೇಕು. ಶ್ರಾವಣ ಹತ್ತಿದಾಗಿನಿಂದ ಆ ಹೊತ್ತಿಗೆ ಸರಿಯಾಗಿ ಫೋನಿನಲ್ಲಿ ಖರಖರ ಏಳುತ್ತಿತ್ತು. ಬಿಸಿ ಮರಳಿನಲ್ಲಿ ಶೇಂಗಾ ಹುರಿಯುವ ಸದ್ದು. ಅದರ ನಡುವೆ ಸಾತಲಿಂಗಪ್ಪನ ದನಿ ಒಂದು ಕ್ಷಣ ತೇಲಿ ಮುಳುಗಿಹೋಗುತ್ತಿತ್ತು.

ಕಲ್ಲಣ್ಣ ಬಂದಾಗ ಮಾತ್ರ ಏನೂ ಇರುತ್ತಿರಲಿಲ್ಲ. ಟೆಲಿಫೋನ್ ಆಫೀಸಿನಲ್ಲಿ ತಕ್ರಾರಿನ ಚೀಟಿ ಹಂಚುವುದು ಹತ್ತಕ್ಕೆ. ಸರದಿಯಂತೆ ಮನೆ ಮನೆ ಮುಗಿಸಿ ಈ ಗಲ್ಲಿಗೆ ಬರುವಾಗ ಮಧ್ಯಾಹ್ನ ಒಂದಾಗುತ್ತಿತ್ತು. ರಿಸೀವರ್ ಎತ್ತಿದರೆ ಕನ್ನಡಿಯಂಥ ಲೈನು. ಮೊದಲ ಸಲ ರಿಸೀವರಿನ ವಾಯರು ಬದಲಿಸಿದ. ಎರಡನೆಯ ಸಲ ಮಾತಾಡುವ ಕಡೆಯ ಬಿಲ್ಲೆ ಬದಲಿಸಿದ. ಮೂರನೆಯ ಸಲ ಸ್ಟೋರಿನವನ ಕೈಕಾಲು ಹಿಡಿದು ಫೋನನ್ನೇ ಬದಲಿಸಿದ. ಕಂಬ ಹತ್ತಿ ಇಳಿದ. ಮರುದಿನ ಬೆಳಿಗ್ಗೆ ಮತ್ತೆ ಅದೇ ಖರಖರ, ಮತ್ತೆ ತಕ್ರಾರು. ಇದು ನಾಲ್ಕನೆಯ ಸಲ.

ಇವತ್ತೂ ರಿಸೀವರ್ ಕಿವಿಗಿಟ್ಟುಕೊಂಡ. ಸ್ವಚ್ಛವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಅವನಿಗೆ ಧೈರ್ಯ ಬರಲಿಲ್ಲ.

"ಹೇಳು, ಹೇಳು," ಎಂದ ಶಾಂತಪ್ಪ. "ಏನೂ ಇಲ್ರಿ ಸಾವಕಾರ್ರ, ಚೊಲೊ ಐತ್ರಿ ಅಂತ ಹೇಳು. ನಾ ಏನ್ ಹುಚ್ಚನೇನು? ದಿನಾ ಮುಂಜಾನೆದ್ದು ಸುಳ್ಳ ಒದರಾಕತ್ತೀನೇನು?"

"ಹಂಗಲ್ರಿ. ಮಳಿ ನೀರು ಎಲ್ಲೋ ತಂತಿಗೆ ಇಳಿಯಾಕತ್ತಿರಬೇಕು ಅಂತ ನಮ್ಮ ಸಾಹೇಬರು..."

"ಮಳಿ!" ಶಾಂತಪ್ಪ ರಿಸೀವರನ್ನು ಕುಕ್ಕಿದ. "ಸೋಮವಾರ ದಿನಪೂರ್ತಿ ಮಳಿ ಹೊಡೀತು. ಅವತ್ತ ಸಾತಲಿಂಗ ಬಗಲಾಗ ಕುಂತು ಮಾತಾಡಿದಂಗ ಕೇಳಸ್ತು. ಮಂಗಳವಾರ ಬಿಸಲು ಬಿತ್ತು, ಖರಖರ ಸುರು. ಮಳಿ ಬಂದ್ರ ಖುಷಿ, ಬಿಸಲು ಬಿದ್ರ ಒದರಾಟ. ನಿಮ್ಮದು ಫೋನೋ, ಎಮ್ಮಿಯೋ?"

ಗುಮಾಸ್ತರು ಈಗ ಬಾಯಿ ತೆರೆದೇ ನಕ್ಕರು. ಶಾಂತಪ್ಪ ಬಿಡಲಿಲ್ಲ. "ನಿಮ್ಮ ಸಾಹೇಬಗ ಬರದು ಹಾಕ್ತೀನಿ. ಈ ಲೈನಮನ್‌ಗ ಕೆಲಸಾ ಬರಂಗಿಲ್ಲ, ಇಂವನ್ನ ತಗದು ಹಾಕ್ರಿ ಅಂತ."

ಅವನು ಬರೆಯುವ ಅಗತ್ಯವಿರಲಿಲ್ಲ. ಕಲ್ಲಣ್ಣ ಏಳು ವರ್ಷದಿಂದ ದಿನಗೂಲಿಯವ. ಹಗಲು ಕಂಬ ಹತ್ತಿ, ಸಂಜೆ ರಾತ್ರಿಶಾಲೆಯಲ್ಲಿ ಕೂತು ಹತ್ತನೆಯದು ಮುಗಿಸಿದ್ದೇ ಕಾಯಂ ಆಗಲಿಕ್ಕೆ. ಕಾಯಂ ಆಗುವವರ ಹೆಸರಿನ ಪಟ್ಟಿ ಶನಿವಾರ ಪುಣೆಗೆ ಹೋಗಲಿತ್ತು. ಸಾಹೇಬರು ಆ ಬೆಳಿಗ್ಗೆ ಅವನನ್ನು ಕರೆದು ಹೇಳಿದ್ದರು: ಒಂದೇ ಮನೆಯಿಂದ ನಾಲ್ಕು ತಕ್ರಾರು ಬಂದವನ ಹೆಸರು ಹೇಗೆ ಕಳಿಸಲಿ? ಮನೆಯವರ ಸಹಿ ಮಾಡಿಸಿದ ಚೀಟಿ, ದೋಷ ಏನಿತ್ತು ಎಂಬುದರ ಸಮೇತ, ನಾಳೆಯೊಳಗೆ ನನ್ನ ಮೇಜಿನ ಮೇಲೆ ಇರಬೇಕು.

ಅವತ್ತು ಬುಧವಾರ.

ವಳಸಂಗದ ತನ್ನ ಮನೆಗೆ ಹೋಗುವ ಬಸ್ಸಿನಲ್ಲಿ ಕಲ್ಲಣ್ಣ ಮನಸ್ಸಿನಲ್ಲೇ ಶಾಂತಪ್ಪನಿಗೆ ಹತ್ತು ಉತ್ತರ ಕೊಟ್ಟ. ಒಂದಕ್ಕಿಂತ ಒಂದು ಖಾರ. ಎದುರಿಗೆ ನಿಂತಾಗ ಇವು ಎಲ್ಲಿ ಹೋಗಿದ್ದವು? ಸಿಟ್ಟು ಸ್ವಲ್ಪ ಇಳಿದಾಗ ಹಳೆಯ ಅನುಮಾನ ಬಂದು ಬಗಲಲ್ಲಿ ಕೂತಿತು. ನಿಜವಾಗಿ ನನಗೇ ಕೆಲಸ ಬರುವುದಿಲ್ಲವೇನೋ. ಬೇರೆ ಯಾರಾದರೂ ಆಗಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದರೇನೋ. ಮಳೆಯಲ್ಲಿ ಸುಮ್ಮನಿದ್ದು ಬಿಸಿಲಿನಲ್ಲಿ ಕೆಡುವ ಲೈನನ್ನು ಅವನು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಮಳೆಯಲ್ಲಿ ಆಗದ್ದು, ಬಿಸಿಲಿದ್ದರೆ ಮಾತ್ರ ಆಗುವಂಥದ್ದು, ಅದೂ ಬೆಳಿಗ್ಗೆ ಮಾತ್ರ. ಹೆಂಡತಿ ಸೋನಾಬಾಯಿ ಊಟಕ್ಕೆ ಕರೆದಾಗಲೂ ಅವನು ಅದನ್ನೇ ಬೆರಳಲ್ಲಿ ಎಣಿಸುತ್ತಿದ್ದ. ಕೊನೆಗೆ ಹೊಳೆದದ್ದು ಒಂದೇ. ಖರಖರ ಇರುವ ಹೊತ್ತಿಗೆ ತಾನು ಅಲ್ಲಿರಬೇಕು. ಇಷ್ಟು ಸಣ್ಣ ಮಾತು ತಿಳಿಯಲು ನಾಲ್ಕು ಸಲ ಬೈಸಿಕೊಳ್ಳಬೇಕಾಯಿತಲ್ಲ ಎಂದು ತನ್ನ ಮೇಲೇ ಹಲ್ಲು ಕಡಿದ.

ಮರುದಿನ ಮೊದಲ ಬಸ್ಸು ಹಿಡಿದು, ಆಫೀಸಿನಿಂದ ನಿಚ್ಚಣಿಕೆ, ಸಾಮಾನಿನ ಚೀಲ ಹೊತ್ತು, ಶಾಂತಪ್ಪನ ಮನೆಯ ಹಿಂದಿನ ಸಂದಿಯಲ್ಲಿ ನಿಂತ. ಕಂಬದಿಂದ ತಂತಿ ಹಿತ್ತಿಲಿನ ಮೇಲೆ ಹಾದು ಮನೆಯೊಳಗೆ ಹೋಗುತ್ತಿತ್ತು. ಚೆನ್ನಾದ ಬಿಸಿಲು ಬಿದ್ದಿತ್ತು. ಎಂಟೂಮುಕ್ಕಾಲರ ಹೊತ್ತಿಗೆ ಗೋಡೆಯಾಚೆಯಿಂದ ಒಂದು ಉದ್ದನೆಯ ಕೋಲು ಮೇಲೆದ್ದಿತು. ಅದರ ತುದಿಗೆ ನೀರು ತೊಟ್ಟಿಕ್ಕುವ ಒಂದು ಇಳಕಲ್ ಸೀರೆ. ಕೋಲು ಅತ್ತಿತ್ತ ತೂಗಾಡಿ, ಗುರಿ ಹಿಡಿದು, ಸೀರೆಯನ್ನು ತಂತಿಯ ಮೇಲೆ ನಿಧಾನ ಹಾಸಿತು. ಬಿಗಿಯಾಗಿದ್ದ ತಂತಿ ಗಾಳಿಪಟದ ದಾರದಂತೆ ಜೋತುಬಿತ್ತು.

ಕಲ್ಲಣ್ಣನಿಗೆ ರಕ್ತ ತಲೆಗೇರಿತು. ಹಿತ್ತಿಲ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿ, ಸೀರೆಯ ಅಂಚು ಹಿಡಿದು ಎಳೆಯಲು ಕೈ ಚಾಚಿದ.

"ಮುಟ್ಟಬ್ಯಾಡ! ಮಡಿ ಐತಿ!"

ಶಾಂತಪ್ಪನ ತಾಯಿ ಗಿರಿಜಾಬಾಯಿ. ಎಪ್ಪತ್ತು ದಾಟಿದ ಮುದುಕಿ, ಹಣೆತುಂಬ ವಿಭೂತಿ, ಕೈಯಲ್ಲಿ ಮಡಿಕೋಲು. ಕೋಲನ್ನು ಅವನ ಎದೆಗೇ ಹಿಡಿದಿದ್ದಳು.

"ಯವ್ವಾ, ಅದು ಫೋನಿನ ತಂತಿ!"

"ಗೊತ್ತೈತಿ. ಕರೆಂಟಿನದಲ್ಲಲ್ಲ. ಶಾಕ್ ಹೊಡಿಯಂಗಿಲ್ಲ."

"ದಿನಾ ಇಲ್ಲೇ ಹಾಕ್ತೀರೇನ್ರಿ?"

"ಸಾವಣದಾಗ ದಿನಾ ಮಡಿಲೆ ಪೂಜಿ ಮಾಡಬೇಕಲ್ಲೋ ಯಪ್ಪಾ. ಹನ್ನೆರಡರೊಳಗ ಒಣಗತೈತಿ, ತಗದು ಮಡಿಚಿಡ್ತೀನಿ. ಕೆಳಗ ಹಾಕಿದ್ರ ಹುಡುಗರು ಹೊಲಸ ಕೈಲೆ ಮುಟ್ತಾವು. ಮದಲ ಇಲ್ಲಿ ಎತ್ತರಕ ಅರಬಿ ಒಣಾ ಹಾಕೂ ಗಳಾ ಇತ್ತು. ಮಾಳಗಿ ಕಟ್ಟೂಮುಂದ ನನ್ನ ಮಗಾ ಕಿತ್ತಿ ಒಗದ. ಅದೇ ಜಾಗಾಕ ನಿಮ್ಮ ತಂತಿ ಬಂತು. ನಾ ಏನ್ ಮಾಡಲಿ, ಆಕಾಶಕ್ಕ ಹಾಕ್ಲಿ?"

"ಮಳಿ ಬಂದ ದಿನ?"

"ಮಳ್ಯಾಗ ಯಾರರೆ ಹೊರಗ ಒಣಾ ಹಾಕ್ತಾರೇನು? ದೇವರ ಖೋಲ್ಯಾಗ ಹಾಕ್ತೀನಿ."

ಅಷ್ಟರಲ್ಲಿ ಒಳಗೆ ಟ್ರಂಕ್ ಕಾಲ್ ಬಂತು. ಶಾಂತಪ್ಪನ "ಹಲೋ! ಹಲೋ! ಏ ಸಾತಲಿಂಗಾ!" ಎಂಬ ಕೂಗು ಹಿತ್ತಿಲಿಗೆ ಕೇಳಿಸಿತು.

"ಅವ್ವಾರ, ಕೋಲಿಲೆ ಸೀರಿ ಚೂರು ಮ್ಯಾಲೆತ್ರಿ," ಎಂದ ಕಲ್ಲಣ್ಣ.

ಮುದುಕಿ ಎತ್ತಿದಳು. ಒಳಗಿನ ಕೂಗು ಇಳಿದು ಮಾತಾಯಿತು. "ಹಾಂ, ಈಗ ಕೇಳಾಕತ್ತೇತಿ ನೋಡು. ಹೇಳು."

"ಇಳಸ್ರಿ."

"ಹಲೋ! ಏ! ಹತ್ತಿತಲ್ಲೋ ಇದರ ಮನಿ ಹಾಳಾಗ!"

"ಎತ್ರಿ."

"ಹಾಂ, ಹೇಳು ಹೇಳು."

ಗಿರಿಜಾಬಾಯಿಗೆ ಈಗ ತಿಳಿಯಿತು. ಹೇಳುವ ಮೊದಲೇ ತಾನಾಗಿ ಇನ್ನೊಮ್ಮೆ ಇಳಿಸಿ, ಮಗ ಬೈಯುವುದನ್ನು ಕೇಳಿ, ಮತ್ತೆ ಎತ್ತಿದಳು. ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. ನಗುತ್ತಿದ್ದಾಳೋ ಹೆದರಿದ್ದಾಳೋ ಕಲ್ಲಣ್ಣನಿಗೆ ಗೊತ್ತಾಗಲಿಲ್ಲ. ಅವನಿಗಂತೂ ನಗು ಬರಲಿಲ್ಲ. ಒಂದು ಸೀರೆಗಾಗಿ ತನ್ನ ಏಳು ವರ್ಷ ಹೋಗಲಿದ್ದವು.

ಮುದುಕಿ ಸೀರೆ ತೆಗೆದ ಮೇಲೆ ನಿಚ್ಚಣಿಕೆ ಹಾಕಿ ಹತ್ತಿದ. ಸೀರೆ ಬೀಳುತ್ತಿದ್ದ ಜಾಗದಲ್ಲಿ ಎರಡು ತುಂಡು ತಂತಿ ಕೂಡಿಸಿದ ಒಂದು ಜೋಡು ಇತ್ತು. ಮೇಲಿನ ಕಪ್ಪು ಪಟ್ಟಿ ಬಿಚ್ಚಿದ. ಒಳಗಿನ ತಾಮ್ರ ಹಸಿರುಗಟ್ಟಿ ಸಡಿಲಾಗಿತ್ತು. ಬೆಸುಗೆಯೇ ಇರಲಿಲ್ಲ, ಬರೀ ಹೊಸೆದು ಬಿಟ್ಟಿದ್ದರು. ಯಾವ ಸೂಳೆಮಗ ಮಾಡಿದ ಕೆಲಸ ಇದು ಎಂದು ಬಾಯಿಗೆ ಬಂತು. ಆಗ ತಂತಿಯ ಹೊಸೆತ ಕಣ್ಣಿಗೆ ಬಿತ್ತು. ಅದು ಎಲ್ಲರ ಹಾಗೆ ಬಲಕ್ಕೆ ಸುತ್ತಿರಲಿಲ್ಲ, ಎಡಕ್ಕೆ ಸುತ್ತಿತ್ತು. ಆಫೀಸಿನಲ್ಲಿ ಎಡಗೈಯವನು ಕಲ್ಲಣ್ಣನೊಬ್ಬನೇ.

ನೆನಪಾಯಿತು. ಎರಡು ವರ್ಷದ ಹಿಂದೆ ಮಾಳಿಗೆ ಕಟ್ಟಿದಾಗ ತಂತಿ ಸರಿಸಲು ಬಂದದ್ದು. ಆ ತಿಂಗಳು ಸ್ಟೋರಿನಲ್ಲಿ ಬೆಸುಗೆಯ ಸೀಸ ಇರಲಿಲ್ಲ. ಮುಂದಿನ ವಾರ ಬಂದು ಮಾಡಿದರಾಯಿತು ಎಂದುಕೊಂಡು, ಪಟ್ಟಿ ಸುತ್ತಿ, ಚಹಾ ಕುಡಿದು ಹೋಗಿದ್ದ. ಮುಂದಿನ ವಾರ ಬರಲೇ ಇಲ್ಲ. ಬೆಸುಗೆ ಇದ್ದಿದ್ದರೆ ಈ ಜೋಡು ಒಂದಲ್ಲ, ನಾಲ್ಕು ಸೀರೆ ಹೊರುತ್ತಿತ್ತು. ನಿಚ್ಚಣಿಕೆಯ ತುದಿಯಲ್ಲಿ ನಿಂತು ಅವನು ತನ್ನನ್ನು ಎಷ್ಟು ಬೈದುಕೊಂಡನೆಂದರೆ, ಶಾಂತಪ್ಪನೂ ಅಷ್ಟು ಬೈದಿರಲಿಲ್ಲ.

ಮುದುಕಿಯ ಸ್ಟೋವಿನಲ್ಲಿ ಸಲಾಕೆ ಕಾಯಿಸಿ, ತಂತಿಯನ್ನು ಕೆರೆದು ಬೆಳಗಿ, ಹೊಸದಾಗಿ ಹೊಸೆದು ಬೆಸುಗೆ ಹಾಕಿದ. ಜಗ್ಗಿ ಜಗ್ಗಿ ನೋಡಿದ. ಒಳಗೆ ಹೋಗಿ ರಿಸೀವರ್ ಎತ್ತಿದರೆ ಲೈನು ಸ್ವಚ್ಛವಾಗಿತ್ತು. ಆಮೇಲೆ ಪಡಸಾಲೆಯಲ್ಲಿ ಕೂತು ರಾತ್ರಿಶಾಲೆಯ ಮರಾಠಿಯಲ್ಲಿ ಚೀಟಿ ತುಂಬಿದ. ದೋಷದ ಕಾರಣ: ಹಿತ್ತಿಲಿನ ತಂತಿಯ ಮೇಲೆ ದಿನಾ ಹಸಿ ಸೀರೆ ಹಾಕಿದ್ದು. ಅಲ್ಲಿಗೆ ನಿಲ್ಲಿಸಿದ್ದರೆ ಅವನು ಗೆದ್ದಂತಿತ್ತು. ಆದರೂ ಇನ್ನೊಂದು ಸಾಲು ಬರೆದ: ಜೋಡಿಗೆ ಬೆಸುಗೆ ಇರಲಿಲ್ಲ, ಜೋಡು ನನ್ನದು.

ಶಾಂತಪ್ಪ ಓದಿದ. ಅವನ ಮುಖ ಕೆಂಪಾಯಿತು.

"ಎರಡನೇದು ಸಾಕು. ಮದಲನೇ ಸಾಲು ಹೊಡದು ಹಾಕು."

"ಯಾಕ್ರಿ?"

"ನಮ್ಮವ್ವನ ಸೀರಿ ಸರಕಾರಿ ಕಾಗದದಾಗ ಬರೀತಿ? ನಿಮ್ಮ ಆಫೀಸಿನಾಗ ನಾಕ ಮಂದಿ ಓದಿ ನಗಾಡಬೇಕೇನು? ನಿಂದೇ ತಪ್ಪು ಅಂತ ನೀನೇ ಬರದೀಯಲ್ಲ. ಅದು ಸಾಕು. ಅಂದ್ರ ಸಹಿ ಮಾಡ್ತೀನಿ."

ಕಲ್ಲಣ್ಣ ಎದ್ದು ನಿಂತ. "ನಗೂದು ನಿಮಗ ಇವತ್ತ ಗೊತ್ತಾತೇನ್ರಿ? ನಾಕ ಸಲ ಈ ಗುಮಾಸ್ತರ ಮುಂದ ನನ್ನ ನಗಿಗೀಡು ಮಾಡೀರಿ. ಚಾಕ್ಕ ಬಿದ್ದಾಂವ ಅಂದ್ರಿ. ತಗದು ಹಾಕ್ರಿ ಅಂತ ಬರೀತೀನಿ ಅಂದ್ರಿ. ನನ್ನ ತಪ್ಪು ನಾ ಬರದೀನಿ, ಯಾರೂ ಕೇಳಿದ್ದಿಲ್ಲ. ನಿಮ್ಮ ಮನೀ ತಪ್ಪು ಮಾತ್ರ ನಾ ನುಂಗಬೇಕು ಅಂತೀರಿ. ನುಂಗಂಗಿಲ್ಲ! ಹೊಡದು ಹಾಕಂಗಿಲ್ಲ!"

ತಾನು ಕೂಗಿದ್ದು ಅವನ ಕಿವಿಗೇ ಬೇರೆ ಯಾರದೋ ದನಿಯಂತೆ ಕೇಳಿಸಿತು. ಗುಮಾಸ್ತರು ತಲೆ ತಗ್ಗಿಸಿದ್ದರು. ಶಾಂತಪ್ಪ ಚೀಟಿಯನ್ನು ಅವನತ್ತ ಎಸೆದ. "ಹಂಗಾರ ಸಹಿ ಇಲ್ಲ. ಹೋಗು, ಹೆಂಗ ಕಾಯಂ ಆಗ್ತಿ ನೋಡ್ತೀನಿ."

ಚೀಟಿ ನೆಲಕ್ಕೆ ಬಿತ್ತು. ಒಳಬಾಗಿಲಲ್ಲಿ ನಿಂತಿದ್ದ ಗಿರಿಜಾಬಾಯಿ ಬಂದು ಅದನ್ನು ಎತ್ತಿಕೊಂಡಳು.

"ಈ ಫೋನು ಯಾರ ಹೆಸರಿಲೆ ಐತಿ?" ಎಂದು ಕಲ್ಲಣ್ಣನನ್ನು ಕೇಳಿದಳು.

"ನಿಮ್ಮದರಿ. ಚೀಟಿ ಮ್ಯಾಲೂ ನಿಮ್ಮ ಹೆಸರೇ ಬರ್ತೈತಿ."

"ಅವ್ವಾ, ನೀ ಒಳಗ ಹೋಗು," ಎಂದ ಶಾಂತಪ್ಪ.

"ಸುಮ್ಮಕಿರು. ನನ್ನ ಸೀರಿ ಏನ್ ಕಳವು ಮಾಡೇತೇನು, ಹೆಸರು ಮುಚ್ಚಾಕ? ಗಳಾ ಕಿತ್ತಿ ಒಗಿ ಅಂತ ನಾ ಹೇಳಿದ್ನೇನು?" ಪೆನ್ನು ತೆಗೆದುಕೊಂಡು, ನಾಲಿಗೆ ಹೊರಚಾಚಿ, ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ಸಹಿ ಮಾಡಿದಳು. ಚೀಟಿಯನ್ನು ಕಲ್ಲಣ್ಣನ ಕೈಗೆ ಕೊಡುವಾಗ ಅವನನ್ನೂ ಬಿಡಲಿಲ್ಲ. "ನೀನೂ ಅಷ್ಟೇ. ಎರಡು ವರ್ಷ ಕಚ್ಚಾ ಕೆಲಸಾ ನಮ್ಮ ತಲಿ ಮ್ಯಾಲ ತೂಗಬಿಟ್ಟು, ಈಗ ದೊಡ್ಡ ದನಿ ತಗೀತಿ."

ಕಲ್ಲಣ್ಣ ಚೀಟಿ ಮಡಚಿ ಕಿಸೆಗಿಟ್ಟು ನಿಚ್ಚಣಿಕೆ ಹೆಗಲಿಗೇರಿಸಿದ.

ಆಫೀಸಿನಲ್ಲಿ ಸಾಹೇಬರು ಚೀಟಿಯನ್ನು ಎರಡು ಸಲ ಓದಿದರು. ಸೀರೆಯ ಸಾಲಿಗೆ ನಗಲಿಲ್ಲ. ಎರಡನೆಯ ಸಾಲಿನ ಮೇಲೆ ಬೆರಳಿಟ್ಟು, "ಆ ತಿಂಗಳು ಇಂಥ ಜೋಡು ಎಷ್ಟು ಮಾಡಿದೆ?" ಎಂದು ಕೇಳಿದರು.

ಕಲ್ಲಣ್ಣ ಅದನ್ನು ಯೋಚಿಸಿಯೇ ಇರಲಿಲ್ಲ. ಇದೊಂದೇ ಎಂದು ಬಾಯಿಗೆ ಬಂತು. ಗಲ್ಲಿ ಗಲ್ಲಿ ನೆನೆದು ಎಣಿಸಿದ. "ಹದಿನಾಲ್ಕು, ಸಾಹೇಬ."

ಸಾಹೇಬರು ಪಟ್ಟಿ ತೆಗೆದು ಅವನ ಎದುರಿಗೇ ಹೆಸರು ಬರೆದರು, ಪೆನ್ಸಿಲಿನಲ್ಲಿ. ಉಳಿದ ಹದಿಮೂರಕ್ಕೂ ಬೆಸುಗೆ ಬೀಳಲಿ, ಹದಿಮೂರೂ ಮನೆಯವರ ಸಹಿ ಬರಲಿ, ಶನಿವಾರ ಮಧ್ಯಾಹ್ನದೊಳಗೆ ಬಂದರೆ ಇದರ ಮೇಲೆ ಶಾಯಿ ಹಾಕುತ್ತೇನೆ, ಇಲ್ಲವಾದರೆ ರಬ್ಬರು ನನ್ನ ಡ್ರಾವರಿನಲ್ಲೇ ಇದೆ ಎಂದರು. ಜೊತೆಗೆ ಒಬ್ಬ ಆಳು ಕೊಡಿ ಎಂದು ಕಲ್ಲಣ್ಣ ಕೇಳಿದ. ಜೋಡು ಮಾಡುವಾಗ ಆಳು ಇದ್ದನೇ ಎಂದು ಸಾಹೇಬರು ಕೇಳಿದರು.

ಮೆಟ್ಟಿಲಿಳಿಯುತ್ತ ಅವನು ಎಲ್ಲರನ್ನೂ ಬೈದ. ಸಾಹೇಬರನ್ನು, ಸೀಸ ತರಿಸದ ಸ್ಟೋರಿನವನನ್ನು, ಶಾಂತಪ್ಪನನ್ನು, ಆ ಸೀರೆಯನ್ನು. ಹದಿಮೂರು ಮನೆ, ಎರಡು ದಿನ. ಬೈಯುತ್ತಲೇ ಸ್ಟೋರಿಗೆ ಹೋಗಿ ಸ್ಟೋವು, ಸಲಾಕೆ, ಸೀಸ ಈಸಿಕೊಂಡ. ಕಡಿಮೆ ಕೊಟ್ಟಿದ್ದಾನೆ ಎಂದು ಜಗಳಾಡಿ ಇನ್ನೊಂದು ಸುರುಳಿ ಕಿತ್ತುಕೊಂಡ.

ಮೊದಲ ಮನೆಯ ಬಾಗಿಲು ತೆರೆದ ಹೆಂಗಸು ಹೆಗಲ ಮೇಲಿನ ನಿಚ್ಚಣಿಕೆ ನೋಡಿ ಹುಬ್ಬು ಗಂಟಿಕ್ಕಿದಳು. "ನಮ್ಮ ಫೋನು ಚೊಲೊ ಐತಿ. ನಿನ್ನ ಯಾರು ಕರದ್ರು?"

"ಯಾರೂ ಕರದಿಲ್ಲರಿ," ಎಂದ ಕಲ್ಲಣ್ಣ. ದನಿಯಲ್ಲಿನ ಸಿಟ್ಟು ಇನ್ನೂ ಆರಿರಲಿಲ್ಲ. "ಬಾಗಲಾ ಪೂರಾ ತಗೀರಿ. ನಿಚ್ಚಣಿಕಿ ಒಳಗ ಬರಬೇಕು."