ದೇಜಪ್ಪಣ್ಣ ಬರೆದುಕೊಟ್ಟ ಸಾಕ್ಷಿ

ಜೂನ್ ತಿಂಗಳ ಉರಿಯಲ್ಲಿ ಕಪ್ಪು ಕೋಟು ತೊಟ್ಟ ಮನುಷ್ಯನನ್ನು ನಾನು ಮೊದಲು ಕಂಡದ್ದು ಗಲ್ಫಿನ ವಾದಿ ಕಬೀರ್ ಪೇಟೆಯ ಗ್ಯಾರೇಜುಗಳ ಹಿಂದಿನ ಬಯಲಿನಲ್ಲಿ. ಎಂಬತ್ತೇಳನೆಯ ಇಸವಿ, ಶುಕ್ರವಾರದ ಸಂಜೆ. ನಮ್ಮ ಊರಿನವರ ವಾಲಿಬಾಲ್ ಪಂದ್ಯಕ್ಕೆ ಈ ದೇಜಪ್ಪಣ್ಣನೇ ರೆಫರಿ. ಸುಣ್ಣದ ಗೆರೆಯ ಪಕ್ಕದಲ್ಲೇ ಏಡಿಯಂತೆ ಅಡ್ಡಡ್ಡ ನಡೆಯುತ್ತ, ಸೀಟಿ ಊದಿ, "ಹೊರಗೆ, ಖಲಾಸ್" ಅಂದರೆ ಅಲ್ಲಿಗೆ ಮುಗಿಯಿತು. ವಾರವಿಡೀ ರೂವಿಯ ಒಂದು ಕಚೇರಿಯಲ್ಲಿ ಮೇಲಿನವರ ಮಾತಿಗೆಲ್ಲ ತಲೆಯಾಡಿಸುವ ಆ ಗುಮಾಸ್ತರು ಶುಕ್ರವಾರ ಮಾತ್ರ ಯಾರ ಮಾತಿಗೂ ಜಗ್ಗುತ್ತಿರಲಿಲ್ಲ.

ಅವರ ತಂಗಿ ವಾರಿಜಾಕ್ಷಿಯ ಸಂಸಾರ ಅದೇ ದೇಶದ ಸಹಮ್ ಎಂಬ ಊರಿನಲ್ಲಿತ್ತು. ಅವಳ ಮಗಳು ಮೋಹಿನಿ ಮಂಗಳೂರಿನಲ್ಲಿ ಕಾಲೇಜು ಓದುತ್ತ, ವಿಶ್ವವಿದ್ಯಾಲಯದ ವಾಲಿಬಾಲ್ ತಂಡಕ್ಕೂ ಆಯ್ಕೆಯಾಗಿದ್ದಳು. ತೊಂಬತ್ತೆರಡರ ರಜೆಯಲ್ಲಿ ಬಂದವಳು ನಮ್ಮ ಹೆಂಗಸರ ತಂಡದಲ್ಲಿ ಆಡಿ ಗೆಲ್ಲಿಸಿದಳು. ಯಕ್ಷಗಾನದ ವೇಷಕ್ಕೆ ನೋಟು ಚುಚ್ಚುವುದು ನಮ್ಮ ಕಡೆಯ ರೂಢಿಯಷ್ಟೆ. ಅದೇ ಉಮೇದಿನಲ್ಲಿ ಅಂಗಡಿಯ ಕೊಗ್ಗಣ್ಣ ಅವಳ ಹೆಗಲಿಗೊಂದು ರಿಯಾಲಿನ ನೋಟು ಚುಚ್ಚಿದರು. ಪಂದ್ಯದ ಮೇಲೆ ಗುಟ್ಟಾಗಿ ಬಾಜಿ ಕಟ್ಟಿ ಗೆದ್ದ ನೋಟು ಅದು. ಹುಡುಗಿಗೆ ತಿಳಿಯದು. ದೇಜಪ್ಪಣ್ಣನಿಗೆ ತಿಳಿದಿತ್ತು, ಆದರೂ ಸೋದರಸೊಸೆ ಗೆದ್ದ ಸಂತೋಷದಲ್ಲಿ ಚಪ್ಪಾಳೆ ತಟ್ಟುತ್ತ ನಿಂತುಬಿಟ್ಟರು.

ನೋಟು ಚುಚ್ಚುವಾಗ ಯಾರೋ ತೆಗೆದ ಫೋಟೋ ಊರು ಮುಟ್ಟಿತು. ಇವಳು ಹಣಕ್ಕೆ ಆಡಿದವಳೆಂದು ಎದುರಾಳಿ ಕಾಲೇಜಿನವರು ದೂರು ಕೊಟ್ಟರು, ಹಣಕ್ಕೆ ಆಡುವುದು ನಿಯಮಕ್ಕೆ ವಿರುದ್ಧವೆಂದು ವಿಶ್ವವಿದ್ಯಾಲಯ ಅವಳನ್ನು ತಂಡದಿಂದ ಹೊರಗಿಟ್ಟಿತು. ಮೋಹಿನಿ ಕೋರ್ಟಿಗೆ ಹೋದಳು. ಅದು ಪ್ರೀತಿಯ ಕೊಡುಗೆ ಎಂದು ರೆಫರಿ ಬರೆದುಕೊಟ್ಟರೆ ನಿಷೇಧದಿಂದ ಕೂಡಲೇ ಬಿಡುಗಡೆ ಎಂದರು ವಕೀಲರು.

ದೇಜಪ್ಪಣ್ಣ ನಮ್ಮ ಪಕ್ಕದ ಫ್ಲ್ಯಾಟಿನವರು. ವಾರಿಜಾಕ್ಷಿ ಸಹಮಿನಿಂದ ಬಂದು ನನ್ನೆದುರೇ ಕೇಳಿದಳು: "ಅಣ್ಣ, ನಿನ್ನ ಸೀಟಿ ನನ್ನ ಮಗಳ ಮೇಲೆಯೇ ಊದಬೇಕಾ? ಪ್ರೀತಿಗೆ ಕೊಟ್ಟದ್ದು ಅಂತ ಬರೆದರೆ ನಿನ್ನ ಕೋಟು ಹರಿದುಹೋಗ್ತದಾ?"

"ಅದು ಬಾಜಿಯದ್ದು, ವಾರಿಜಾ. ಅವಳಿಗೆ ಗೊತ್ತಿರಲಿಲ್ಲ. ಎರಡನ್ನೂ ಬರೀತೇನೆ."

ಕೊಗ್ಗಣ್ಣ ಬೆವರುತ್ತ ಕೂತಿದ್ದರು. "ನನ್ನ ಹೆಸರು ಬಂದರೆ ವೀಸಾ ಕೊಟ್ಟ ಕಫೀಲ್ ನನ್ನನ್ನು ಊರಿನ ವಿಮಾನ ಹತ್ತಿಸ್ತಾನೆ ಮಾರಾಯ್ರೆ. ಕಿಟಕಿ ಸೀಟಾದರೂ ಕೊಡಿಸಿ!"

ದೇಜಪ್ಪಣ್ಣ ನಗಲಿಲ್ಲ. 'ಒಬ್ಬ ಪ್ರೇಕ್ಷಕ' ಎಂದಷ್ಟೇ ಬರೆದು, 'ಇದನ್ನು ತಡೆಯಬೇಕಿದ್ದ ರೆಫರಿ ನಾನು, ತಡೆಯಲಿಲ್ಲ' ಎಂದು ಕೆಳಗೆ ಸೇರಿಸಿ ರುಜು ಹಾಕಿದರು.

ಬಾಜಿಯೆಂಬ ಮಾತು ಬಂದದ್ದೇ ವಿಚಾರಣೆ ಬೆಳೆಯಿತು. ಹುಡುಗಿಯದು ತಪ್ಪಿಲ್ಲವೆಂದು ಕೋರ್ಟು ನಿಷೇಧ ತೆಗೆಯಿತು, ಸರಿಯೇ. ಅಷ್ಟರಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ ಮುಗಿದಿತ್ತು, ಅದೇ ಅವಳ ಕೊನೆಯ ವರ್ಷವೂ ಆಗಿತ್ತು. ಅವಳು ಮಾವನ ಜೊತೆ ಮಾತು ಬಿಟ್ಟಳು. ಮುಂದಿನ ಶುಕ್ರವಾರದಿಂದ ಅವರೂ ಬಯಲಿಗೆ ಇಳಿಯಲಿಲ್ಲ.

ನಮ್ಮ ಯಜಮಾನರು ತೀರಿಕೊಂಡ ಮೇಲೆ, ತೊಂಬತ್ತಾರರಲ್ಲಿ, ನಾನು ಊರಿಗೆ ಹೊರಟಾಗ ವಿಮಾನ ನಿಲ್ದಾಣದವರೆಗೆ ಬಂದವರು ಅವರೇ. ಇಂಥವರನ್ನು ಜನ ಕಲ್ಲೆದೆಯವರು ಎನ್ನುತ್ತಾರೆ. ನಾನು ಕಂಡಂತೆ, ತಮ್ಮವರಿಗಾಗಿ ಒಂದು ಸುಳ್ಳು ಹೇಳಲಾರದವರು ತಮ್ಮವರನ್ನು ನೆನೆಯದ ದಿನವಿರುವುದಿಲ್ಲ. ಕೊಟ್ಟ ತೀರ್ಪನ್ನು ಹಿಂದೆಗೆಯುವುದೂ ಇಲ್ಲ, ಅದರ ನೋವನ್ನು ಇನ್ನೊಬ್ಬರ ತಲೆಗೆ ಕಟ್ಟುವುದೂ ಇಲ್ಲ.

ಪೆಟ್ಟಿಗೆಯನ್ನು ನನ್ನ ಕೈಗೆ ಕೊಡುತ್ತ ಅವರು ಕೇಳಿದರು: "ಅಕ್ಕ, ಮಂಗಳೂರಿನಲ್ಲಿ ಮೋಹಿನಿ ಸಿಕ್ಕಿದರೆ, ಈಗಲೂ ಆಡ್ತಾಳಾ ಅಂತ ಒಂದು ಮಾತು ಕೇಳ್ತೀರಾ? ನಾನು ಕೇಳಿದ್ದು ಅಂತ ಹೇಳಬೇಡಿ, ಆಗದಾ?"