ನೇರಿಯೊ ಮತ್ತು ಓರಿಯೆಲ್ಲಾ ಮಾತಾಡಿದ ವರ್ಷ

ನಮ್ಮ ಟೈಲ್ಸ್ ಸಹಕಾರ ಸಂಘದಲ್ಲಿ ಭಟ್ಟಿಯ ನೇರಿಯೊಗೂ ಲೇಪದ ಕೋಣೆಯ ಓರಿಯೆಲ್ಲಾಗೂ ಮಾತು ನಿಂತು ಬಹಳ ವರ್ಷಗಳಾಗಿದ್ದವು. ಟೈಲ್ಸಿನ ಮೇಲೆ ಬಳಿಯುವ ಹೊಳಪಿನ ಲೇಪವನ್ನು ಕಲಸುವವಳು ಅವಳು, ಬಳಿದದ್ದನ್ನು ಸುಡುವವನು ಅವನು. ಒಬ್ಬರ ಕೆಲಸ ಮುಗಿಯುವಲ್ಲಿ ಇನ್ನೊಬ್ಬರದು ಶುರು. ಆದರೂ ಒಂದು ಮಾತು ಹೇಳುವುದಿದ್ದರೆ ನಾನೇ ಅತ್ತಿಂದಿತ್ತ ಓಡಾಡಬೇಕಿತ್ತು. ಸುಟ್ಟು ಬಂದ ಟೈಲ್ಸ್ ಪರೀಕ್ಷಿಸುವ ನನ್ನ ಮೇಜು ಇಬ್ಬರ ನಡುವೆ ಇದ್ದದ್ದೇ ನಾನು ಮಾಡಿದ ಪಾಪ.

“ಮಿರ್ಕಾ, ಹೋಗಿ ಆ ಮಹಾತಾಯಿಗೆ ಹೇಳು, ಅವಳ ಲೇಪ ಗಂಜಿ ಥರ ಇದೆ ಅಂತ.”

“ಆ ಮಹಾನುಭಾವನಿಗೆ ಹೇಳು, ಗಂಜಿ ಸೀಯೋದು ಒಲೆ ಮುಂದೆ ತೂಕಡಿಸೋರಿಂದ ಅಂತ.”

ನಾನು ಆ ಮಾತುಗಳ ಮುಳ್ಳು ಕಿತ್ತು ಮುಟ್ಟಿಸುತ್ತಿದ್ದೆ. ಲೇಪ ಸ್ವಲ್ಪ ತೆಳುವಾಯಿತಂತೆ. ಉರಿ ಸ್ವಲ್ಪ ಹೆಚ್ಚಾಯಿತಂತೆ.

ಜಗಳ ಹುಟ್ಟಿದ್ದು ವರ್ಷದ ಮಹಾಸಭೆಯಲ್ಲಿ. ನಮ್ಮಲ್ಲಿ ದುಡಿಯುವವರೇ ಮಾಲೀಕರು, ತಲೆಗೊಂದು ಮತ. ನೇರಿಯೊ ಹೊಸ ಭಟ್ಟಿ ಬೇಕೆಂದು ಕೇಳಿದ. ಓರಿಯೆಲ್ಲಾ ಎದ್ದು ನಿಂತು, “ಭಟ್ಟಿ ಚೆನ್ನಾಗೇ ಇದೆ. ಬದಲಾಯಿಸ್ಬೇಕಾದ್ದು ಅದರ ಮುಂದೆ ನಿಲ್ಲೋ ಮನುಷ್ಯನ್ನ,” ಎಂದಳು. ಸಭೆಗೆ ಸಭೆಯೇ ನಕ್ಕಿತು. ನೇರಿಯೊನ ಅಪ್ಪ ತೀರಿಕೊಂಡು ಆಗ ತಿಂಗಳೂ ತುಂಬಿರಲಿಲ್ಲ. ಅವನು ನಿದ್ದೆಯಿಲ್ಲದ ಕಣ್ಣಲ್ಲೇ ಕೆಲಸಕ್ಕೆ ಬರುತ್ತಿದ್ದ ದಿನಗಳು ಅವು. ಅವನು ಕುಳಿತುಬಿಟ್ಟ. ಮರುದಿನದಿಂದ ಮಾತು ಬಂದ್. ಕ್ರಮೇಣ ಅವನ ಕಡೆಯವರು, ಇವಳ ಕಡೆಯವರು ಎಂದಾಯಿತು. ಕಾಫಿ ಯಂತ್ರಗಳೂ ಎರಡಾದವು.

ಹೇಗೋ ನಡೆಯುತ್ತಿತ್ತು. ಆಮೇಲೆ ಆಳೆತ್ತರದ, ತೆಳ್ಳನೆಯ ಟೈಲ್ಸಿನ ಕಾಲ ಬಂತು. ಎಲ್ಲರೂ ಅದನ್ನೇ ಕೇಳತೊಡಗಿದರು. ನಾವು ಮಾಡಿದವು ಭಟ್ಟಿಯಿಂದ ಹೊರಬರುವಾಗ ನಾಲ್ಕೂ ಮೂಲೆ ಎತ್ತಿಕೊಂಡು ದೋಣಿಯ ಹಾಗೆ ಬಾಗಿರುತ್ತಿದ್ದವು. ಅಧ್ಯಕ್ಷೆಯಾಗಿ ಆಗಷ್ಟೇ ಆರಿಸಿ ಬಂದಿದ್ದ ಇವೋನ್ ಸಭೆಯ ಮೇಲೆ ಸಭೆ ಕರೆದಳು. ನೇರಿಯೊ ಕಿಟಕಿ ನೋಡುತ್ತಿದ್ದ, ಓರಿಯೆಲ್ಲಾ ಉಗುರು ನೋಡುತ್ತಿದ್ದಳು.

“ಲೇಪ ಎಳೀತಿದೆ,” ಎಂದು ಅವನು ಇವೋನ್‌ಗೆ ಹೇಳುತ್ತಿದ್ದ.

“ಭಟ್ಟಿ ಎತ್ತುತ್ತಿದೆ,” ಎಂದು ಅವಳೂ ಇವೋನ್‌ಗೇ ಹೇಳುತ್ತಿದ್ದಳು.

ಬೊಲೊನ್ಯಾದಿಂದ ಬಂದ ತಜ್ಞರೊಬ್ಬರು ಎಲ್ಲವನ್ನೂ ಅಳೆದು ನೋಡಿ, ಈ ಮಾಲು ನಿಮ್ಮ ಕೈಲಾಗದು, ಬಿಟ್ಟುಬಿಡಿ ಎಂದು ಹೇಳಿ ಹೋದರು.

ಇವೋನ್ ಮತ್ತೆ ಸಭೆ ಕರೆಯಲಿಲ್ಲ. ಮೇ ಒಂದರ ಕಾರ್ಮಿಕರ ಹಬ್ಬದ ಊಟಕ್ಕೆ ಪೊಲೆಂಟಾ ಎಂಬ ಮೆಕ್ಕೆಜೋಳದ ಮುದ್ದೆ ತೊಳಸುವವನು ನೇರಿಯೊ, ಅದರ ಮೇಲೆ ಸುರಿಯುವ ಮಾಂಸದ ಗೊಜ್ಜು ಓರಿಯೆಲ್ಲಾಳದು ಎಂದು ಸಾರಿಬಿಟ್ಟಳು. ನೇರಿಯೊ ನೇರ ಇವೋನ್ ಕೋಣೆಗೆ ಹೋದ.

“ನನ್ನ ಕೈಲಾಗಲ್ಲ.”

“ಬೇಡ ಬಿಡಿ ನೇರಿಯೊ. ಲೆಯಾರ್ಕೊಗೆ ಹೇಳ್ತೀನಿ.”

ಲೆಯಾರ್ಕೊ ಎಂದರೆ ಮಣ್ಣಿನ ಪುಡಿಯನ್ನು ಒತ್ತಿ ಟೈಲ್ಸ್ ಮಾಡುವ ಯಂತ್ರದ ಮೇಸ್ತ್ರಿ.

“ಅವನಾ? ಹೋದ್ಸಲ ಅವನು ಮಾಡಿದ್ದನ್ನ ನಾಯೀನೂ ಮೂಸ್ಲಿಲ್ಲ!” ಎಂದ ನೇರಿಯೊ. ಒಪ್ಪಿಕೊಂಡೇ ಹೊರಬಂದ.

ಆ ದಿನ ಅಡುಗೆಮನೆಯಲ್ಲಿ ಅವರಿಬ್ಬರ ಜೊತೆ ನಾನಿದ್ದೆ, ಈರುಳ್ಳಿ ಹೆಚ್ಚಲು. ನೇರಿಯೊ ದೊಡ್ಡ ತಾಮ್ರದ ಹಂಡೆಯಲ್ಲಿ ಮೆಕ್ಕೆಜೋಳದ ಹಿಟ್ಟು ತೊಳಸುತ್ತಾ, “ಮಿರ್ಕಾ, ಗೊಜ್ಜು ಎಷ್ಟೊತ್ತಿಗಾಗುತ್ತೆ ಕೇಳು,” ಎಂದ. ಓರಿಯೆಲ್ಲಾ ಅವನಿಂದ ಒಂದು ತೋಳಿನಷ್ಟು ದೂರದಲ್ಲಿದ್ದಳು. ನನಗೆ ಸಾಕಾಗಿ ಹೋಗಿತ್ತು.

“ನೀವೇ ಕೇಳ್ಕೊಳ್ಳಿ. ನನ್ನ ಕಣ್ಣುರೀತಿದೆ,” ಎಂದು ಅಂಗಳಕ್ಕೆ ನಡೆದೆ. ಆದರೆ ಕಿಟಕಿಯ ಪಕ್ಕದಲ್ಲೇ ನಿಂತೆ, ಸುಳ್ಳು ಯಾಕೆ ಹೇಳಲಿ.

ಹಂಡೆಗೆ ಕೋಲು ತಾಗುವ ಸದ್ದು ಕೇಳುತ್ತಿತ್ತು. ಆಮೇಲೆ ಓರಿಯೆಲ್ಲಾಳ ದನಿ.

“ನೇರಿಯೊ, ಅವತ್ತು ಸಭೇಲಿ ನಾನಾಡಿದ್ದು ಕೆಟ್ಟ ಮಾತು. ನಿಮ್ಮಪ್ಪ ಹೋಗಿದ್ದು ಮನೆಗೆ ಹೋದ್ಮೇಲೆ ನೆನಪಾಯ್ತು. ಆಮೇಲೆ ನಿನ್ನ ಹತ್ರ ಬರೋಕೆ ಮುಖ ಇರ್ಲಿಲ್ಲ.”

ಕೋಲಿನ ಸದ್ದು ನಿಂತಿತು.

“ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?”

“ಬೇಕಾಯ್ತು.”

“ಸರಿ. ಬಾ, ಕೋಲು ಹಿಡಿ ಸ್ವಲ್ಪ. ತೋಳು ಬಿದ್ದು ಹೋಗ್ತಿದೆ.”

ನಾನು ಒಳಗೆ ಬಂದಾಗ ಅವಳು ತೊಳಸುತ್ತಿದ್ದಳು. ಅವನು ಪೊಲೆಂಟಾ ಸುರಿಯುವ ಉದ್ದನೆಯ ಹಲಗೆಗೆ ನೀರು ಚಿಮುಕಿಸಿ ಒರೆಸಿ, ಮಗುಚಿ ಹಾಕಿ ಕೆಳಮೈಯನ್ನೂ ಒದ್ದೆ ಮಾಡುತ್ತಿದ್ದ.

“ಕೆಳಗ್ಯಾಕೋ ನೀರು?” ಅಂದಳು ಓರಿಯೆಲ್ಲಾ.

“ಒಂದೇ ಕಡೆ ಒದ್ದೆಯಾದ್ರೆ ಹಲಗೆ ಬಾಗುತ್ತೆ ಕಣೆ. ಆಮೇಲೆ ನಿನ್ನ ಗೊಜ್ಜೆಲ್ಲ ಹರಿದು…” ಎಂದವನು ಅಲ್ಲಿಗೇ ನಿಲ್ಲಿಸಿದ.

“ನಾವೂ ಒಂದೇ ಮೈಗೆ ಬಳೀತಿದೀವಿ,” ಎಂದಳು ಅವಳು ಮೆಲ್ಲಗೆ.

“ಕೆಳಗೂ ಬಳಿದ್ರೆ ಭಟ್ಟಿಯಲ್ಲಿ ಟೈಲ್ಸ್ ಸಾಗಿಸೋ ಉರುಳೆಗಳಿಗೆ ಅಂಟಿಕೊಳ್ಳುತ್ತೆ.”

“ಅಂಟದ ಹಾಗೆ ಕಲಸ್ತೀನಿ.”

“ಹೇಗೆ?”

“ನಂಗೇನು ಗೊತ್ತು!”

ಈ ಮಾತಿನಲ್ಲಿ ಪೊಲೆಂಟಾ ತಳ ಹಿಡಿಯಿತು. ಎಲ್ಲರೂ ಸೀದ ವಾಸನೆಯನ್ನೇ ಉಂಡೆವು. ಲೆಯಾರ್ಕೊಗಂತೂ ಹಬ್ಬ. “ನಾನು ಮಾಡಿದ್ದನ್ನ ನಾಯಿ ಮೂಸ್ಲಿಲ್ಲ, ನಿಜ. ಇದಕ್ಕೆ ಹೆದರಿ ಅದು ಊರೇ ಬಿಟ್ಟು ಹೋಯ್ತಲ್ಲ!”

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡರೆ ತಪ್ಪು. ಕೆಳಮೈಗೂ ಬಳಿದ ಮೊದಲ ಟೈಲ್ಸ್ ಉರುಳೆಗಳಿಗೆ ಗಟ್ಟಿಯಾಗಿ ಅಂಟಿ, ಭಟ್ಟಿಯನ್ನೇ ಆರಿಸಬೇಕಾಯಿತು. ನೇರಿಯೊ ದಾಪುಗಾಲು ಹಾಕುತ್ತಾ ಲೇಪದ ಕೋಣೆಗೆ ನುಗ್ಗಿದ. ಇಬ್ಬರೂ ಗಂಟಲು ಹರಿಯುವಂತೆ ಕೂಗಾಡಿದರು. ಮುಗಿಯಿತು ಕಥೆ ಎಂದುಕೊಂಡು ನಾವೆಲ್ಲ ಬಾಗಿಲಲ್ಲಿ ಗುಂಪುಗೂಡಿದೆವು.

“ಕೂತ್ಕೊಳೊ. ನಿಂತ್ಕೊಂಡು ಕೂಗಿದ್ರೆ ನಿಂಗೆ ಮಂಡಿ ನೋವು ಬರುತ್ತೆ,” ಎಂದಳು ಓರಿಯೆಲ್ಲಾ.

ಅವನು ಕೂತ. ತಗ್ಗಿದ ದನಿಯಲ್ಲಿ, “ಒಂದು ವಿಷಯ ಹೇಳ್ತೀನಿ, ನಗಬಾರ್ದು. ಚಳಿಗಾಲದಿಂದ ಭಟ್ಟಿಯ ಕೊನೇಲಿ, ಟೈಲ್ಸ್ ಆರೋ ಜಾಗದಲ್ಲಿ, ಕೆಳಗಿನಿಂದ ತಣ್ಣನೆ ಗಾಳಿ ಜಾಸ್ತಿ ಬರ್ತಿದೆ. ಯಾರಿಗೂ ಹೇಳಿಲ್ಲ,” ಎಂದ.

ಅವಳು ನಗಲಿಲ್ಲ. “ನಾನೂ ಹೇಳಿಲ್ಲ. ಹೋದ ವರ್ಷ ಲೇಪದ ಮರಳು ಬದಲಾಯಿಸ್ದೆ. ಅವತ್ತಿಂದ ಅದು ಆರುವಾಗ ಜಾಸ್ತಿ ಕುಗ್ಗುತ್ತಿದೆ.”

ಬಾಗಿಲಲ್ಲಿದ್ದ ಲೆಯಾರ್ಕೊ ಕೆಮ್ಮಿದ. “ಹಾಗಾದ್ರೆ ನಂದೂ ಕೇಳ್ಬಿಡಿ. ನನ್ನ ಯಂತ್ರದಲ್ಲಿ ಮೂಲೆಗಳಿಗೆ ಪುಡಿ ಕಮ್ಮಿ ಬೀಳ್ತಿದೆ. ಚಿಕ್ಕ ಟೈಲ್ಸಲ್ಲಿ ಗೊತ್ತಾಗ್ತಿರ್ಲಿಲ್ಲ. ನೀವಿಬ್ರೂ ಕಚ್ಚಾಡ್ತಿದ್ರಲ್ಲ, ಸುಮ್ನಿದ್ದೆ.”

ಒಂದೊಂದನ್ನೇ ನೋಡಿದರೆ ಯಾವುದೂ ದೊಡ್ಡ ದೋಷವಲ್ಲ. ಮೂರೂ ಕೂಡಿದಾಗ ಮಾತ್ರ ಆಳೆತ್ತರದ ಟೈಲ್ಸ್ ಬಾಗುತ್ತಿತ್ತು. ಬೊಲೊನ್ಯಾದವರು ಬಂದಾಗ ಇದನ್ನು ಯಾರೂ ಬಾಯಿಬಿಟ್ಟಿರಲಿಲ್ಲ. ಎದುರಿನವರು ನಕ್ಕಾರು ಎಂಬ ಭಯಕ್ಕೆ ಪ್ರತಿಯೊಬ್ಬರೂ ತಮ್ಮ ಕುಂದನ್ನು ಮುಚ್ಚಿಟ್ಟುಕೊಂಡು ಕಾಲ ತಳ್ಳಿದ್ದರು.

ಆ ಬೇಸಿಗೆಯಿಡೀ ಪ್ರಯೋಗ ನಡೆಯಿತು. ಲೆಯಾರ್ಕೊ ಪುಡಿ ಬೀಳುವ ಬಾಯಿಯ ಆಕಾರ ಬದಲಿಸಿದ. ನೇರಿಯೊ ಗಾಳಿಗೆ ತಗಡಿನ ಅಡ್ಡಗೋಡೆ ಕೊಟ್ಟ. ಕೆಳಮೈಗೆ ಬಳಿಯಲು ಓರಿಯೆಲ್ಲಾ ಉರುಳೆಗೆ ಅಂಟದ, ಸುಣ್ಣದಂಥ ಒಣ ಲೇಪವೊಂದನ್ನು ಕಲಸಿದಳು. ಅಷ್ಟರಲ್ಲಿ ಎಷ್ಟು ಟೈಲ್ಸ್ ಒಡೆದವೋ, ನಮ್ಮ ಅಂಗಳದಲ್ಲಿ ಗುಡ್ಡವೇ ಬೆಳೆದಿತ್ತು. ಮಧ್ಯಾಹ್ನ ಎರಡೂ ಕಡೆಯವರು ಒಂದೇ ಮರದ ಕೆಳಗೆ ರೊಟ್ಟಿಯ ಬುತ್ತಿ ಬಿಚ್ಚುವುದು ರೂಢಿಯಾಯಿತು. ಯಾರೂ ಹೇಳಿ ಮಾಡಿಸಿದ್ದಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ನನ್ನ ಮೇಜಿಗೆ ಬಂದ ಟೈಲ್ಸಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು ನೋಡಿದೆ. ಪಟ್ಟಿಯ ಅಡಿಯಲ್ಲಿ ಬೆಳಕು ತೂರಲಿಲ್ಲ. ಮಗ್ಗುಲು ಬದಲಿಸಿ ಇಟ್ಟೆ, ಆಗಲೂ ಇಲ್ಲ. ಟೈಲ್ಸ್ ಒಂಚೂರೂ ಬಾಗಿಲ್ಲವೆಂದು ಎಲ್ಲರನ್ನೂ ಕೂಗಿ ಕರೆದೆ. ನೇರಿಯೊ ಅಂಗೈಯಿಂದ ಟೈಲ್ಸನ್ನು ಕುದುರೆಯ ಬೆನ್ನು ಸವರಿದ ಹಾಗೆ ಸವರಿದ.

“ಮಹಾಸಭೇಲಿ ಯಾರ ಹೆಸರು ಹೇಳ್ಲಿ?” ಎಂದು ಇವೋನ್ ಕೇಳಿದಳು.

“ಅವಳದು.”

“ನಂದ್ಯಾಕೆ? ಹಲಗೆ ತಿರುಗಿಸಿ ಹಾಕಿದ್ದು ಅವನು.”

“ಬಾಯಿ ಬಿಟ್ಟು ಹೇಳಿದ್ದು ನೀನು ತಾನೆ?”

“ಅಯ್ಯೋ, ನನ್ನ ಹೆಸರು ಹಾಕ್ಬಿಡಿ ಅತ್ಲಾಗೆ, ಜಗಳ ಮುಗೀಲಿ,” ಎಂದ ಲೆಯಾರ್ಕೊ.

ಕೊನೆಗೆ ಇವೋನ್ ಯಾರ ಹೆಸರನ್ನೂ ಹೇಳಲಿಲ್ಲ. ಟೈಲ್ಸ್ ಈಗ ನೆಟ್ಟಗೆ ಬರುತ್ತಿದೆ ಎಂದಷ್ಟೇ ಹೇಳಿ ಕುಳಿತಳು. ಸಭೆ ತುಂಬಾ ಹೊತ್ತು ಚಪ್ಪಾಳೆ ತಟ್ಟಿತು.

ಮುಂದಿನ ವಾರ ಓರಿಯೆಲ್ಲಾ ಒಂದು ಬಟ್ಟಲು ಕೆಂಪು ಲೇಪ ಹಿಡಿದು ನೇರವಾಗಿ ಭಟ್ಟಿಯ ಕಡೆ ನಡೆದಳು.

“ಸುಟ್ಟ ತಕ್ಷಣ ಕಂದು ಬಣ್ಣಕ್ಕೆ ತಿರುಗುತ್ತೆ ಕಣೊ. ಮೂರು ದಿನದಿಂದ ಒದ್ದಾಡ್ತಿದೀನಿ, ನನ್ನಿಂದಾಗ್ತಿಲ್ಲ.”

ನೇರಿಯೊ ಕೈ ಒರೆಸಿಕೊಂಡು ಅವಳಿಗೊಂದು ಕುರ್ಚಿ ಎಳೆದು ಹಾಕಿದ. “ತೋರ್ಸು,” ಎಂದ.