ಬಂಡೆಯಂಚಿನ ಗೋಣಿಚೀಲ

ಬಂಡೆಯ ಅಂಚಿಗೆ ತಾನು ಮಡಿಸಿ ಹಾಸಿದ್ದ ಗೋಣಿಚೀಲವನ್ನು ಶ್ರೀನಿವಾಸ ಸಾರ್ ಬೂಟುಗಾಲಿನಿಂದ ತಳ್ಳಿದ್ದು ಕಂಡು ಬೆಳ್ಳಿಯಮ್ಮನ ಮೈ ಉರಿದುಹೋಯಿತು.

ಸಾರ್ ಕೊಯಮತ್ತೂರಿನ ಹೆಣ್ಣುಮಕ್ಕಳ ಶಾಲೆಯೊಂದರ ಆಟದ ಮೇಷ್ಟ್ರು. ಹಗ್ಗ ಹಿಡಿದು ಬಂಡೆ ಇಳಿಯುವುದನ್ನು ಕಲಿಸಲೆಂದು ಹನ್ನೆರಡು ಹುಡುಗಿಯರನ್ನು ಕಿಣತ್ತುಕಡವು ಊರಿನಾಚೆಯ ಬಂಡೆಗೆ ಕರೆತಂದಿದ್ದರು. ಅವರಲ್ಲಿ ಬೆಳ್ಳಿಯಮ್ಮನ ಮಗಳು ಮಲ್ಲಿಗಾಳೂ ಒಬ್ಬಳು. ಎಲ್ಲರಿಗೂ ಚಿತ್ರಾನ್ನ ಮಾಡಿ, ಬಿಸಿ ಆರದಂತೆ ಪಾತ್ರೆಗೆ ಇದೇ ಗೋಣಿಚೀಲ ಸುತ್ತಿ, ತಾಯಿ ಬೆಳಗಿನ ಬಸ್ಸಿನಲ್ಲೇ ಜೊತೆಗೆ ಬಂದಿದ್ದಳು.

"ಪೇಪರಿನವರು ಫೋಟೋ ತೆಗೀತಾರಮ್ಮ. ಅದರಲ್ಲಿ ಈ ಹರಕು ಚೀಲ ಕಾಣಬೇಕಾ?" ಎಂದರು ಸಾರ್. ಅವರದೂ ಕನ್ನಡದ ಮನೆಯೇ.

"ಕಲ್ಲು ಹಗ್ಗಾನ ತಿಂತದೆ ಸಾರ್."

"ಇದು ನಿಮ್ಮ ಬಾವಿ ಹಗ್ಗ ಅಲ್ಲ. ನೈಲಾನು! ಜೀಪನ್ನೇ ಎಳೀತದೆ."

"ಜೀಪಿಗೆ ಅಮ್ಮ ಇಲ್ಲ, ಸಾರ್."

ಹುಡುಗಿಯರು ಕಿಸಕ್ಕೆಂದರು. ಸಾರ್ ಮುಖ ಕೆಂಪಾಯಿತು.

ಅನ್ನೂರಿನ ತೋಟದ ಬಾವಿಯಲ್ಲಿ ಹೂಳೆತ್ತಲು ಇಳಿಯುವಾಗ ಹಗ್ಗ ಹರಿದು ಬಿದ್ದ ಬೆಳ್ಳಿಯಮ್ಮನ ಅಣ್ಣ ಮಾರಪ್ಪನ್ ಈಗಲೂ ಕೋಲೂರಿಕೊಂಡೇ ನಡೆಯುತ್ತಾನೆ. ಅಂದು ಹಗ್ಗ ಗಟ್ಟಿಯಾಗಿಯೇ ಇತ್ತು. ಬಾವಿಕಟ್ಟೆಯ ಕಲ್ಲಿಗೆ ಚೀಲ ಹಾಸಲು ಮರೆತಿದ್ದರು, ಅಷ್ಟೇ. ಅಂದಿನಿಂದ ಹಗ್ಗ ಕಂಡರೆ ಬೆಳ್ಳಿಯಮ್ಮನ ಕಣ್ಣು ಮೊದಲು ಅದು ಕಲ್ಲಿಗೆ ತಾಗುವ ಜಾಗಕ್ಕೇ ಹೋಗುತ್ತದೆ.

ಚೀಲವಿಲ್ಲದೆಯೇ ಇಬ್ಬರು ಇಳಿದರು. ಅವರ ಭಾರಕ್ಕೆ ಹಗ್ಗ ಅತ್ತಿತ್ತ ಜರುಗಿ ಅಂಚಿಗೆ ಉಜ್ಜುತ್ತಿತ್ತು. ಎರಡನೆಯವಳ ಕಾಲು ನೆಲ ಮುಟ್ಟಿದ ಮೇಲೆ ಬೆಳ್ಳಿಯಮ್ಮ ಹೋಗಿ ಮುಟ್ಟಿ ನೋಡಿದಳು. ಹೊರಗಿನ ಹೆಣಿಗೆ ನಾರುನಾರಾಗಿ ಎದ್ದು, ಒಳಗಿನ ಬಿಳಿ ಎಳೆ ಇಣುಕುತ್ತಿತ್ತು.

"ಮುಂದಕ್ಕೆ ಮಲ್ಲಿಗಾ!" ಸಾರ್ ಕೂಗಿದರು.

"ಕಣ್ಣೂ, ಇಳೀಬೇಡ," ಎಂದಳು ಬೆಳ್ಳಿಯಮ್ಮ ಮಗಳಿಗೆ.

"ಇಳಿಯದಿದ್ದರೆ ಊಟಿ ಕ್ಯಾಂಪಿನ ಪಟ್ಟಿಯಿಂದ ಹೆಸರು ಹೊಡೆದುಹಾಕ್ತೀನಿ," ಎಂದರು ಸಾರ್.

ಆ ಕ್ಯಾಂಪಿಗಾಗಿ ಮಲ್ಲಿಗಾ ಮೂರು ತಿಂಗಳು ಬೆಳಗಾಗುವ ಮೊದಲೇ ಎದ್ದು ಓಡಿದ್ದಳು. ಅಮ್ಮನ ಮುಖ ನೋಡಿದಳು, ಹಗ್ಗ ನೋಡಿದಳು. ಕಣ್ಣಲ್ಲಿ ನೀರಾಡಿತು. ಆದರೂ ಕೈಕಟ್ಟಿ ನಿಂತುಬಿಟ್ಟಳು. "ಚೀಲ ಇಲ್ಲದೆ ಇಳಿಯಲ್ಲ, ಸಾರ್. ಹೊಡೆದುಹಾಕಿ."

"ಅಮ್ಮನೂ ಮಗಳೂ ಸರಿಯಾಗಿದ್ದೀರಿ! ನಾನೇ ಇಳಿದು ತೋರಿಸ್ತೀನಿ, ನೋಡಿ!" ಫೋಟೋದವನು ಕೆಳಗೆ ಕ್ಯಾಮೆರಾ ಎತ್ತಿ ಹಿಡಿದ. ಸಾರ್ ಹಗ್ಗವನ್ನು ಮೈಗೆ ಸುತ್ತಿಕೊಂಡು ಅಂಚಿಗೆ ಹೋದರು. ಅಲ್ಲಿ ಬಗ್ಗಿ ನೋಡಿದರು. ಹೆಬ್ಬೆರಳಿನಿಂದ ಆ ಬಿಳಿ ಎಳೆಯನ್ನು ಸವರಿದರು. ಮತ್ತೆ ಕೆಳಗೆ, ಆಳಕ್ಕೆ ನೋಡಿದರು.

"ಆ... ಚೀಲ ಎಲ್ಲಿಟ್ರಿ?" ಎಂದರು ಮೆಲ್ಲಗೆ.

ಬೆಳ್ಳಿಯಮ್ಮನಿಗೆ ಅದುವರೆಗೂ ತಡೆದದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು. "ಹೆತ್ತವರ ಮಕ್ಕಳಿಗೆ ಬರೀ ಕಲ್ಲು, ನಿಮಗಾದರೆ ಚೀಲವಾ ಸಾರ್? ಇಳಿದ ಆ ಇಬ್ಬರು ಹುಡುಗೀರೂ ಯಾರೋ ಅಮ್ಮಂದಿರ ಮಕ್ಕಳೇ ಅಲ್ವಾ? ನಿಮ್ಮ ಜೀವಕ್ಕೆ ಬಂದಾಗ ಕಣ್ಣು ಕಾಣ್ತಾ?"

ಸಾರ್ ಮೈಗೆ ಸುತ್ತಿದ್ದ ಹಗ್ಗ ಬಿಚ್ಚಿದರು.

"ಚೀಲ ಆಮೇಲೆ. ಹಾಳಾದ ಕಡೆ ಕತ್ತರಿಸಿ ಹೊಸದಾಗಿ ಕಟ್ಟಿ. ಕೆಳಗೆ ಐದು ಮಾರು ಹಗ್ಗ ಹೆಚ್ಚಿಗೆ ಬಿದ್ದದೆ."

ಅವರು ಕತ್ತರಿಸಿದರು, ಹಿಂದಿನ ಗುಂಡುಕಲ್ಲಿಗೆ ಮತ್ತೆ ಕಟ್ಟಿದರು. ಅವಳು ಗಂಟನ್ನು ಎರಡು ಸಲ ಎಳೆದು ನೋಡಿ, ಚೀಲವನ್ನು ನಾಲ್ಕು ಮಡಿಕೆ ಮಾಡಿ ಅಂಚಿಗೆ ಹಾಸಿದಳು. ಮಲ್ಲಿಗಾ ಇಳಿದಳು. ಅಂಚು ದಾಟಿ ತಲೆ ಮರೆಯಾದ ಮೇಲೂ ಬೆಳ್ಳಿಯಮ್ಮನ ಅಂಗೈ ಹಗ್ಗದ ಮೇಲೇ ಇತ್ತು, ಕೆಳಗಿನಿಂದ "ಅಮ್ಮಾ, ಹಸಿವು!" ಎಂಬ ಕೂಗು ಬರುವವರೆಗೂ.

"ಪಟ್ಟಿಯಲ್ಲಿ ಹೆಸರು ಇರ್ತದೆ," ಎಂದರು ಸಾರ್, ಯಾರ ಮುಖವನ್ನೂ ನೋಡದೆ.

"ಇರಲೇಬೇಕಲ್ಲ."

ಊಟಕ್ಕೆ ಎಲ್ಲರೂ ಕೂತರು. ಬೆಳ್ಳಿಯಮ್ಮ ಸಾರ್‌ಗೂ ಎಲೆ ತುಂಬ ಚಿತ್ರಾನ್ನ ಬಡಿಸಿದಳು. ಉಪ್ಪಿನಕಾಯಿ ಮಾತ್ರ ಹಾಕಲಿಲ್ಲ.